ಮುಚ್ಚಳದ ಒಳಗಿನ ಗುರುತು

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಗಡಿಯಾರದ ಶಿವರಾಯನ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ಆದರೆ ಅವರು ತೋರಿಸಿದ ಕಡೆ ಅಂಗಡಿ ಅನ್ನುವಂಥದ್ದೇನೂ ಕಾಣುವುದಿಲ್ಲ. ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗೆ ಒಂದು ಗಾಜಿನ ಪೆಟ್ಟಿಗೆ, ಅದರ ಹಿಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಅರವತ್ತಮೂರರ ಶಿವರಾಯ, ಇಷ್ಟೇ. ಎದ್ದರೆ ತಲೆ ಮೆಟ್ಟಿಲಿಗೆ ಬಡಿಯುತ್ತದೆಂದು ಗಿರಾಕಿ ಬಂದರೂ ಅವನು ಏಳುವುದಿಲ್ಲ. ಗೊತ್ತಿಲ್ಲದವರು ಸೊಕ್ಕು ಅನ್ನುತ್ತಾರೆ. ಮೆಟ್ಟಿಲ ಕೆಳಗೆ ನಲವತ್ತು ವರ್ಷ ಕೂತವನಿಗೆ ಎಲ್ಲಿಯ ಸೊಕ್ಕು, ಹೇಳಿ.

ಸೊಕ್ಕು ಮಾಡುವಂಥದ್ದು ಅವನ ಬಳಿ ಒಂದೇ ಒಂದಿತ್ತು, ಅದು ಅವನ ಕಿವಿ. ಗಡಿಯಾರವನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರೆ ಸಾಕು, ಮುಚ್ಚಳ ತೆಗೆಯದೆಯೇ ರೋಗ ಹೇಳುತ್ತಿದ್ದ. "ಎಣ್ಣಿ ಒಣಗ್ಯಾದ." "ಚಕ್ರದಾಗ ಕಸ ಸಿಕ್ಕಾದ." "ಇದು ನೆಟ್ಟಗದ, ನೀವೇ ಚಾವಿ ಕೊಡೋದು ಮರ್ತೀರಿ." ವಾಡಿಯ ರೈಲ್ವೆ ಗಾರ್ಡುಗಳು, ಚಿತ್ತಾಪುರದ ಮೇಷ್ಟ್ರುಗಳು, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯವರು, ಎಲ್ಲರೂ ಅವನ ಗಿರಾಕಿಗಳೇ. ಅವನು ಹುಟ್ಟಿದ್ದು ಐನಾಪುರದ ಕುರಿ ಸಾಕುವ ಮನೆಯಲ್ಲಿ. ಇಡೀ ಹಿಂಡಿನಲ್ಲಿ ಯಾವ ಮರಿ ಕೆಮ್ಮಿತೆಂದು ಕೂತಲ್ಲೇ ಹೇಳುತ್ತಿದ್ದ ಅಪ್ಪನ ಕಿವಿಯೇ ಮಗನಿಗೂ ಬಂದಿದೆ ಎಂದು ಹೆಂಡತಿ ಗುಂಡಮ್ಮ ಚಾಷ್ಟಿ ಮಾಡುವಳು. "ಮನ್ಯಾಗ ನಾ ಕರದದ್ದು ಒಂದಿನ ಕೇಳಂಗಿಲ್ಲ. ಗಡ್ಯಾರ ಪಿಟ್ಟಂದ್ರ ಕೇಳ್ತದ."

ವಿದ್ಯೆ ಕಲಿಸಿದವರು ಲಾಲ್ ಅಹ್ಮದ್ ಉಸ್ತಾದರು. ಕಲ್ಲಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಹೊರಲು ಬಂದ ಇಪ್ಪತ್ತರ ಶಿವರಾಯನ ಕಾಲ ಮೇಲೆ ಚಪ್ಪಡಿ ಬಿದ್ದು ಕುಂಟಾದಾಗ, ಇದೇ ಮೆಟ್ಟಿಲ ಕೆಳಗೆ ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿಕೊಟ್ಟವರು ಅವರೇ. ಉಸ್ತಾದರು ಮೂರು ಮಾತು ಕಲಿಸಿದ್ದರು. ಒಂದು, ಮುರಿದ ಪಾರ್ಟನ್ನು ಗಿರಾಕಿಯ ಕೈಗೇ ವಾಪಸು ಕೊಡಬೇಕು. ಇನ್ನೊಂದು, ಗುರುತಿನ ಮಾತು. "ಬೇಟಾ, ಮುಚ್ಚಳ ತೆಗದವ ತನ್ನ ಗುರುತು ಬಿಟ್ಟು ಹೋಗಬೇಕು. ಮುಂದ ಯಾವನರ ತೆಗೆದ್ರ ಯಾರ ಕೈ ಆಡ್ಯಾದ ಅಂತ ತಿಳೀಬೇಕು. ಆದ್ರ ಗಡ್ಯಾರ ನಡದ ಮ್ಯಾಲೇ ಹಾಕು. ನಿಂತದ್ದಕ್ಕ ಗುರುತು ಹಾಕಿದ್ರ ಸುಳ್ಳು ಸಹಿ ಮಾಡ್ದಂಗ." ಹೀಗಾಗಿ ಗಡಿಯಾರ ಮತ್ತೆ ಟಿಕ್ ಅಂದ ಮೇಲೆ, ಹಿಂಬದಿಯ ಮುಚ್ಚಳದ ಒಳಮೈಗೆ ಉಕ್ಕಿನ ಮೊನೆಯಿಂದ ಉಸ್ತಾದರು ಒಂದು ಸಣ್ಣ ಚಂದ್ರನನ್ನು ಗೀರುತ್ತಿದ್ದರು. ಶಿವರಾಯ ಇಸವಿಯ ಎರಡು ಅಂಕಿ ಬರೆದು ಕೆಳಗೆ 'ಶಿ' ಎಂದು ಗೀರುತ್ತಿದ್ದ. ಭೂತಗನ್ನಡಿ ಇಲ್ಲದೆ ಯಾರಿಗೂ ಕಾಣದಷ್ಟು ಸಣ್ಣದು.

ಮೂರನೆಯ ಮಾತು ಬೊಂಬಾಯಿಯದು. ಅದೇ ಕೊನೆಗೆ ಅವನ ಕೊರಳಿಗೆ ಬಂತು. "ಪಾರ್ಟು ಇಲ್ಲೇ ಮಾಡೀನಿ ಅಂದ್ರ ಯಾರೂ ನಂಬಂಗಿಲ್ಲ. ಬೊಂಬಾಯಿಂದ ತರಿಸೀನಿ ಅನ್ನು. ಗಿರಾಕಿನೂ ನಿದ್ದಿ ಮಾಡ್ತಾನ, ನೀನೂ ಮಾಡ್ತಿ." ಉಸ್ತಾದರದೇನೂ ತಪ್ಪಿಲ್ಲ ಬಿಡಿ, ನಮ್ಮೂರಿನ ಸ್ವಭಾವವೇ ಹಾಗೆ. ಇಲ್ಲಿಯ ಫರಸಿ ಎಲ್ಲೆಲ್ಲಿಯ ಮನೆಗಳಿಗೋ ನೆಲವಾಗಿ ಹೋಗುತ್ತದೆ, ನಮಗೆ ಮಾತ್ರ ಏನೇ ಆಗಲಿ ಹೊರಗಿನದೇ ಆಗಬೇಕು.

ಶಿವರಾಯನ ಕೈಗೆ ಬಂದ ಗಡಿಯಾರಗಳಲ್ಲೆಲ್ಲ ಬಸವಂತರಾಯರದು ಒಂದು ತೂಕ ಹೆಚ್ಚಿನದು. ಬಸವಂತರಾಯರೆಂದರೆ ಊರಾಚೆ ಫರಸಿ ಪಾಲಿಶ್ ಮಾಡುವ ದೊಡ್ಡ ಯಾರ್ಡಿನ ಸಾವಕಾರರು. ಅವರ ನಿಶ್ಚಯದ ದಿನ ಮಾವ, ಅಂದರೆ ಹೆಂಡತಿ ಚಂದಮ್ಮನವರ ತಂದೆ, ಹೈದರಾಬಾದಿನಿಂದ ತಂದು ಅಳಿಯನ ಕೈಗೆ ಕಟ್ಟಿದ ಚಾವಿ ಗಡಿಯಾರ ಅದು. ಸ್ವಿಟ್ಜರ್ಲೆಂಡಿನ ದೊಡ್ಡ ಕಂಪನಿಯದು, ಹೆಸರು ಇಲ್ಲಿ ಬೇಡ. ಎರಡು ವರ್ಷಕ್ಕೊಮ್ಮೆ ಬಸವ ಜಯಂತಿಗೆ ಮುಂಚೆ ಅದು ಸ್ವಚ್ಛ ಮಾಡಿಸಿಕೊಳ್ಳಲು ಬರುತ್ತಿತ್ತು. ಮೊದಲ ಎರಡು ಸಲ ಉಸ್ತಾದರ ಚಂದ್ರ ಬಿತ್ತು, ಆಮೇಲಿನದೆಲ್ಲ ಶಿವರಾಯನ 'ಶಿ'. ಅದರ ಮುಚ್ಚಳ ತೆಗೆದಾಗ ಅವನು ಒಂದು ನಿಮಿಷ ಸುಮ್ಮನೆ ನೋಡುತ್ತ ಕೂರುವನು. ಇಂಥದ್ದನ್ನು ಮಾಡಿದವರು ಎಂಥ ಮಂದಿ ಇರಬೇಕು ಎಂದು ಅವನಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು.

ತೊಂಬತ್ತೆಂಟರಲ್ಲಿ ಅದು ಸಾವಕಾರರ ಕೈಯಿಂದ ಜಾರಿ ಯಾರ್ಡಿನ ಫರಸಿ ಮೇಲೆ ಬಿತ್ತು. ಒಳಗೆ ಆಚೀಚೆ ತೂಗುವ ಚಕ್ರಕ್ಕೆ ಅಕ್ಕಿಕಾಳಿಗಿಂತ ಚಿಕ್ಕ ಅಚ್ಚು ಇರುತ್ತದೆ, ಅದು ಮುರಿದಿತ್ತು. ಹೈದರಾಬಾದಿನಲ್ಲಿ ಸಿಗಲಿಲ್ಲ, ಖರೇ ಬೊಂಬಾಯಿಯಲ್ಲೂ ಸಿಗಲಿಲ್ಲ. ಶಿವರಾಯ ಹೊಲಿಗೆ ಮಷೀನಿನ ಸೂಜಿ ತಂದ, ಕುದುರೆ ಕೂದಲ ಬಿಲ್ಲಿನಿಂದ ತಿರುಗಿಸುವ ಉಸ್ತಾದರ ಕೈ ಲೇತ್ ಯಂತ್ರಕ್ಕೆ ಹಚ್ಚಿದ, ಹದಿನೆಂಟು ದಿನ ಕಡೆದ. ಎಂಟು ಸೂಜಿ ಕೆಟ್ಟವು, ಒಂಬತ್ತನೆಯದು ಕೂತಿತು. ಗಡಿಯಾರ ನಡೆದಾಗ ಮುದುಕ ಉಸ್ತಾದರು ಅದನ್ನು ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿದರು. ಕಡೆಗೆ, "ನನ್ನ ಕೈಲಿ ಇದು ಆಗ್ತಿದ್ದಿಲ್ಲ ಬೇಟಾ" ಅಂದರು. ಅಷ್ಟು ದೊಡ್ಡ ಮಾತು ಶಿವರಾಯನಿಗೆ ಆ ಮೊದಲು ಯಾರೂ ಆಡಿರಲಿಲ್ಲ, ಆಮೇಲೂ ಆಡಲಿಲ್ಲ.

ಗಡಿಯಾರ ಕೊಡಲು ಮನೆಗೇ ಹೋದ. ಸಾವಕಾರರು ಯಾರ್ಡಿಗೆ ಹೊರಟು ಬಾಗಿಲಲ್ಲಿದ್ದರು. "ಪಾರ್ಟು ಎಲ್ಲಿಂದು?" ಎಂದು ಕೇಳಿದರು. ಸಾವಿರ ಸಲ ಹೇಳಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. "ಬೊಂಬಾಯಿಂದ್ರಿ ಸಾವಕಾರ್ರೇ. ಒರಿಜಿನಲ್." ಮಾವ ಕಟ್ಟಿದ ಗಡಿಯಾರದೊಳಗೆ ಹೊಲಿಗೆ ಸೂಜಿ ಇದೆ ಅಂದರೆ ದೊಡ್ಡ ಮನುಷ್ಯನ ಮನಸ್ಸು ಕೆಡುತ್ತದೆಂದು ಹೇಳಿದ ಸುಳ್ಳು ಅದು. ಪಾರ್ಟಿನ ಬೆಲೆಯೆಂದು ಅವರಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ. ಸಾವಕಾರರು ಹೋದ ಮೇಲೆ, ಮುರಿದ ಅಚ್ಚನ್ನು ಸಿಗರೇಟು ಪ್ಯಾಕಿನ ಬೇಗಡೆ ಕಾಗದದಲ್ಲಿ ಸುತ್ತಿ ಚಂದಮ್ಮನವರ ಕೈಗೆ ಕೊಟ್ಟು ಬಂದ.

ಇಪ್ಪತ್ತಾರು ವರ್ಷ ಆ ಸೂಜಿ ಓಡಿತು.

ಕಳೆದ ವರ್ಷ ಬಸವಂತರಾಯರಿಗೆ ಎದೆ ಹಿಡಿದು ಕಲಬುರಗಿಯ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ನಾಡಿ ಎಣಿಸುವ, ಬಿದ್ದರೆ ಮನೆಯವರ ಫೋನಿಗೆ ತಿಳಿಸುವ ವಾಚು ಕಟ್ಟಿಕೊಳ್ಳಿ ಎಂದು ಮಗ ಸಿದ್ದಲಿಂಗೇಶ ಬೆನ್ನು ಹತ್ತಿದ. "ಆ ರಬ್ಬರ್ ಪಟ್ಟಿ ನಾ ಕಟ್ಟಂಗಿಲ್ಲ" ಎಂದು ಸಾವಕಾರರು ಹಟ ಹಿಡಿದರು. ಮಗನೂ ಬಿಡುವವನಲ್ಲ, ಹುಡುಕಿ ಹುಡುಕಿ ಒಂದು ದಾರಿ ಕಂಡ. ಚಾವಿ ಗಡಿಯಾರ ಮಾಡುವುದೇ ತನ್ನ ಧರ್ಮವೆಂದು ಬದುಕಿದ್ದ ಅದೇ ಸ್ವಿಸ್ ಕಂಪನಿ, ಜನರೆಲ್ಲ ಕೈಗೆ ಮೊಬೈಲಿನಂಥ ವಾಚು ಕಟ್ಟುವುದನ್ನು ನೋಡಿ ತಾನೂ ಒಂದನ್ನು ಹೊರಡಿಸಿತ್ತು. ಅದೇ ಹೆಸರು, ಅದೇ ಮುಖ, ಅದೇ ಮುಳ್ಳು. ಆದರೆ ಮುಳ್ಳು ಬರೀ ಚಿತ್ರ, ಒಳಗಿರುವುದು ಬ್ಯಾಟರಿ. ತಮ್ಮದೇ ಹಳೆಯ ಚಾವಿ ಗಡಿಯಾರ ತಂದುಕೊಟ್ಟರೆ ಬದಲಿಗೆ ಹೊಸದು ಕೊಡುತ್ತೇವೆ, ಬೆಲೆಯಲ್ಲಿ ಬಹಳ ಬಿಡುತ್ತೇವೆ ಎಂದು ಹೈದರಾಬಾದಿನ ಶೋರೂಮು ಹೇಳಿತ್ತು. ಅದೇ ಕಂಪನಿ ಅಂದ ಮೇಲೆ ಸಾವಕಾರರು ಮೆತ್ತಗಾದರು. ಚಂದಮ್ಮನವರು ಎರಡು ದಿನ ಮಾತು ಬಿಟ್ಟರು. ಅಪ್ಪ ಕಟ್ಟಿದ್ದು ಕೊಡಬೇಡಿ ಅನ್ನುವ ಮಾತು ಬಾಯಿಗೆ ಬಂದರೂ ಗಂಡನ ಎದೆನೋವಿನ ಮುಂದೆ ಏನೆಂದಾರು.

ಸಿದ್ದಲಿಂಗೇಶ ಗಡಿಯಾರ ತಂದು ಶಿವರಾಯನ ಮುಂದಿಟ್ಟ. "ಕಾಕಾ, ಇದು ಕಂಪನಿಗಿ ವಾಪಸ್ ಹೊಂಟದ. ಛಲೋ ಕಾಣಂಗ ಮಾಡಿ ಕೊಡ್ರಿ."

"ಕಂಪನಿಗಂದ್ರ? ಇದನ್ನ ಮಾಡಿದವರ ಕೈಗೇ ಹೋಗ್ತದೇನು?"

"ಹೌದು ಕಾಕಾ. ಅವ್ರ ಮಿಸ್ತ್ರಿಗಳು ಬಿಚ್ಚಿ ನೋಡ್ತಾರಂತ."

ಶಿವರಾಯ ಗಡಿಯಾರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಇಷ್ಟು ವರ್ಷ ಯಾರನ್ನು ನೆನೆಸುತ್ತ ಮುಚ್ಚಳ ತೆಗೆದನೋ ಅವರೇ ಈಗ ಇವನ ಕೆಲಸ ನೋಡುತ್ತಾರೆ. ಒಂದು ಕಣ್ಣಿಗೆ ಪೊರೆ ಬಂದಿತ್ತು, ವರ್ಷದಿಂದ ಬಲಗೈ ಬೆರಳು ನಡುಗುತ್ತಿದ್ದವು. ಆದರೂ ಮೂರು ದಿನ ಕೂತು ಒಂದೊಂದೇ ಚಕ್ರ ತೊಳೆದ, ಎಣ್ಣೆ ಮುಟ್ಟಿಸಿದ. ಕಡೆಗೆ ಮುಚ್ಚಳದ ಒಳಗೆ '೨೪' ಎಂದು ಬರೆದು 'ಶಿ' ಗೀರಿದ. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಎರಡು ಚಂದ್ರ, ಹದಿನೆಂಟು 'ಶಿ'. ಒರೆಸಿ, ಮುಚ್ಚಿ, ಕೊಟ್ಟ.

ಆಮೇಲೆ ಶುರುವಾಯಿತು ಕಾಯುವುದು. ಯಾರಿಗೂ ಹೇಳಲಿಲ್ಲ, ಗುಂಡಮ್ಮನಿಗೆ ಮಾತ್ರ ಹೇಳಿದ. "ಅಚ್ಚು ನೋಡ್ತಾರಲ, ಕೈಲೆ ಮಾಡ್ಯಾರ ಅಂತ ಅವ್ರಿಗಿ ತಿಳೀತದ. ಬೊಂಬಾಯಿ ಅಂದ್ರ ನಂಬೋ ಮಂದಿ ಅಲ್ಲ ಅವ್ರು. ಯಾರಪ್ಪ ಇವ ಅಂತರ ಒಂದು ಮಾತು ಕೇಳ್ತಾರ."

"ಕೇಳಿ ನಿನಗ ಸ್ವಿಟ್ಜರ್ಲೆಂಡಿಗಿ ಕರಸ್ಕೊಂತಾರೇನು?" ಎಂದು ರೊಟ್ಟಿ ಬಡಿಯುತ್ತ ಆಕೆ ನಕ್ಕಳು. "ಹೋಗುವಾಗ ಹೇಳು, ಬುತ್ತಿ ಕಟ್ತೀನಿ."

ಅವನೂ ನಕ್ಕ. ಆದರೂ ಸಿದ್ದಲಿಂಗೇಶನ ಗಾಡಿ ರಸ್ತೆಯಲ್ಲಿ ಹೋದಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದ.

ಹೊಸ ವಾಚನ್ನು ಶೋರೂಮಿನವರು ಮೊದಲೇ ಕೊಟ್ಟಿದ್ದರು. ತಪಾಸಣೆಯ ವರದಿ ಬಂದದ್ದು ಇಪ್ಪತ್ತು ದಿನದ ಮೇಲೆ. ಅವತ್ತು ಮಧ್ಯಾಹ್ನ ಗಾಡಿ ಅಂಗಡಿಯ ಮುಂದೆ ನಿಂತಾಗ, ಮಗನ ಜೊತೆ ಸಾವಕಾರರೇ ಇಳಿದದ್ದನ್ನು ಕಂಡು ಶಿವರಾಯನಿಗೆ ತಾನು ಕಾಯುತ್ತಿದ್ದ ಮಾತು ಬಂತು ಅನ್ನಿಸಿತು. ತಲೆ ತಾಗುವುದನ್ನು ಮರೆತು ಎದ್ದು ನಿಂತ. ಸಿದ್ದಲಿಂಗೇಶ ಫೋನು ಮುಂದೆ ಹಿಡಿದ. ಪರದೆಯ ತುಂಬ ಮುಚ್ಚಳದ ಒಳಮೈಯ ಫೋಟೊ. ಅಷ್ಟು ದೊಡ್ಡದಾಗಿ ತನ್ನ ಅಕ್ಷರವನ್ನು ಅವನು ಎಂದೂ ನೋಡಿರಲಿಲ್ಲ. ಉಸ್ತಾದರ ಚಂದ್ರ ಹಬ್ಬದ ಚಂದ್ರನಷ್ಟು ಚೊಕ್ಕವಾಗಿತ್ತು. ಅವನ ಮುಖ ಅರಳಿತು.

"ನಗ್ಲಿಕತ್ತಾನ ನೋಡು" ಅಂದರು ಬಸವಂತರಾಯರು.

ಆಗ ಅವನಿಗೆ ಗುರುತುಗಳ ಸುತ್ತ ಹಾಕಿದ ಕೆಂಪು ಗೆರೆಗಳು ಕಂಡವು. ಸಿದ್ದಲಿಂಗೇಶ ತಗ್ಗಿದ ದನಿಯಲ್ಲಿ ಹೇಳಿದ. "ಒಳಗೆಲ್ಲ ಗೀಚಿ ಹಾಳು ಮಾಡ್ಯಾರಂತ ಬರದಾರ ಕಾಕಾ. ಮತ್ತ ಒಂದು ಪಾರ್ಟು ಕಂಪನೀದಲ್ಲಂತ. ಯಾವ್ದೋ ಸೂಜಿ ಉಕ್ಕಿಂದಂತ. ಹಂಗಾಗಿ ಬದಲಿ ತಗೊಳಂಗಿಲ್ಲ ಅಂದಾರ. ಹೊಸಾದಕ್ಕ ಪೂರಾ ಬೆಲೆ ನಾವೇ ಕೊಟ್ಟೀವಿ."

ಎದುರಿನ ಚಹಾದಂಗಡಿಯವರು ಲೋಟ ಹಿಡಿದುಕೊಂಡೇ ಎದ್ದು ಬಂದರು. ಬಸವಂತರಾಯರ ದನಿ ಏರಿತು. "ಬೊಂಬಾಯಿ ಒರಿಜಿನಲ್ ಅಂತ ನನ್ನ ಮಾರಿ ನೋಡಿ ಹೇಳಿದ್ದಿ. ನನಗ ನೆನಪದ. ಮನಿ ಮನಷ್ಯಾನಂಗ ನೋಡಿದ್ವಿ ನಿನ್ನ. ಒರಿಜಿನಲ್ ತೆಗದು ಸೂಜಿ ತುರುಕೀದಿ. ಯಾರಿಗಿ ಮಾರಿದಿ ಅದನ್ನ?"

ಕಳ್ಳ ಅನ್ನುವ ಮಾತೊಂದು ಬಿಟ್ಟು ಎಲ್ಲ ಅಂದಾಯಿತು. ಶಿವರಾಯನಿಗೆ ಹೇಳುವುದು ಎಷ್ಟೊಂದಿತ್ತು. ಫರಸಿ ಮೇಲೆ ಬಿದ್ದದ್ದು, ಒಂಬತ್ತು ಸೂಜಿ, ಹದಿನೆಂಟು ದಿನ, ಬೇಗಡೆ ಕಾಗದ. "ಸಾವಕಾರ್ರೇ, ಆ ಮುರದದ್ದು ನಾ ಅವ್ವಾರ ಕೈಯಾಗ..." ಎಂದು ತೊಡಗಿದ.

ಅಷ್ಟರಲ್ಲಿ ಬಸವಂತರಾಯರ ಕೈಯಲ್ಲಿದ್ದ ಹೊಸ ವಾಚು ಗುಂಯ್ಯೆಂದು ನಡುಗಿತು. ಅದರ ಚಿತ್ರದ ಮುಳ್ಳುಗಳು ಮಾಯವಾಗಿ ಕೆಂಪು ಹೃದಯವೊಂದು ಮೂಡಿ ಕುಣಿಯಿತು. ಸಿದ್ದಲಿಂಗೇಶ ಬೆಚ್ಚಿ ತಂದೆಯ ಭುಜ ಹಿಡಿದ. "ಯಪ್ಪಾ, ಕುಂದ್ರಿ, ಕುಂದ್ರಿ ಮೊದಲ." ಶಿವರಾಯನ ಕಡೆ ತಿರುಗಿ ಎರಡೂ ಕೈ ಜೋಡಿಸಿದ. "ಕಾಕಾ, ಕೈ ಮುಗೀತೀನಿ, ಈಗ ಏನೂ ಅನಬ್ಯಾಡ್ರಿ. ನಾಡಿ ನೂರಾ ಮೂವತ್ತು ದಾಟ್ಯಾದ."

ತಾನು ಒಂದು ಮಾತು ಆಡಿದರೆ ಎದುರಿನ ಮನುಷ್ಯನ ಎದೆ ನಿಂತೀತು ಅನ್ನುವಾಗ ಯಾರು ತಾನೇ ಆಡುತ್ತಾರೆ? ಶಿವರಾಯ ತನ್ನ ಸ್ಟೂಲನ್ನೇ ಸಾವಕಾರರಿಗೆ ಸರಿಸಿ, ಮೆಟ್ಟಿಲ ಕೆಳಗೆ ಬಗ್ಗಿ ನಿಂತ. ಅವರು ಕೂತರು, ನೀರು ಕುಡಿದರು. ವಾಚು ಸಮಾಧಾನವಾದ ಮೇಲೆ ಎದ್ದು ಹೋದರು. ಚಹಾದಂಗಡಿಯವರಿಗೆ ಕಂಡದ್ದು ಇಷ್ಟೇ: ಸಾವಕಾರರು ಕೇಳಿದರು, ಶಿವರಾಯ ತಲೆ ತಗ್ಗಿಸಿ ಸುಮ್ಮನಿದ್ದ.

ಮಾತು ವಾಡಿಗೂ ಹೋಯಿತು, ಚಿತ್ತಾಪುರಕ್ಕೂ ಹೋಯಿತು. ವಾಡಿಯ ಮುದುಕ ಗಾರ್ಡು ಹಣಮಪ್ಪ ರಿಪೇರಿಗೆ ಕೊಟ್ಟಿದ್ದ ತನ್ನ ಎಚ್‌ಎಂಟಿಯನ್ನು ಹಾಗೇ ವಾಪಸು ಕೇಳಿದ. "ಆಗಿಲ್ಲಂದ್ರೂ ಇರ್ಲಿ, ಕೊಟ್ಬಿಡು ಶಿವರಾಯ." ಕೈಗೆ ತೆಗೆದುಕೊಂಡವನು ಅದನ್ನು ತಿರುಗಿಸಿ, ಮುಚ್ಚಳ ಸರಿಯಾಗಿದೆಯೇ ಎಂದು ನೋಡಿದ. ಮೂವತ್ತು ವರ್ಷದ ಗಿರಾಕಿ. ಅವನು ನೋಡಿದ್ದನ್ನು ಶಿವರಾಯ ಕಾಣದವನಂತೆ ಇದ್ದ.

ಎರಡು ಸಲ ಸಾವಕಾರರ ಮನೆಗೆ ಹೋದ. ಎರಡು ಸಲವೂ ಸಿದ್ದಲಿಂಗೇಶ ಗೇಟಿನಲ್ಲೇ ತಡೆದ. ಒಳ್ಳೆಯ ಹುಡುಗ, ಒರಟಾಗಿ ಏನೂ ಅನ್ನಲಿಲ್ಲ. "ನಿಮ್ಮನ್ನ ನೋಡಿದ್ರ ಅಪ್ಪಗ ನಾಡಿ ಏರ್ತದ ಕಾಕಾ. ಆ ಮಾತು ಮನ್ಯಾಗ ತೆಗೀಬ್ಯಾಡ ಅಂತ ಡಾಕ್ಟರೂ ಹೇಳ್ಯಾರ. ಹೋಗ್ಲಿ ಬಿಡ್ರಿ, ನಾವೇನು ಕೇಸ್ ಮಾಡ್ಲಿಕತ್ತಿಲ್ಲಲ?" ಕೇಸ್ ಮಾಡಿದ್ದರೆ ಚೆನ್ನಾಗಿತ್ತು ಎಂದು ಶಿವರಾಯನಿಗೆ ಅನ್ನಿಸಿತು. ಕೋರ್ಟಿನಲ್ಲಾದರೂ ಒಮ್ಮೆ ಇವನ ಮಾತು ಕೇಳುತ್ತಿದ್ದರು.

ಗುಂಡಮ್ಮ ಈಗ ಚಾಷ್ಟಿ ಮಾಡುವುದನ್ನು ಬಿಟ್ಟಿದ್ದಳು. "ಅವತ್ತೇ ಖರೇ ಹೇಳಿದ್ರ ಏನಾಗ್ತಿತ್ತು?" ಎಂದು ಒಂದು ದಿನ ಕೇಳಿದಳು.

"ನಂಬ್ತಿದ್ದಿಲ್ಲ."

"ಈಗ?"

ಶಿವರಾಯ ಕುಂಟುತ್ತ ಅಂಗಡಿಗೆ ಹೊರಟ.

ದೀಪಾವಳಿ ಕಳೆದು ಎಂಟು ದಿನಕ್ಕೆ, ಒಂದು ಬೆಳಿಗ್ಗೆ ಚಂದಮ್ಮನವರು ಆಟೋದಲ್ಲಿ ಬಂದು ಅಂಗಡಿಯ ಮುಂದೆ ಇಳಿದರು. ಆ ಮನೆಯ ಹೆಂಗಸರು ಸ್ಟೇಷನ್ ರಸ್ತೆಯಲ್ಲಿ ಆಟೋ ಇಳಿಯುವುದನ್ನು ಯಾರೂ ಕಂಡಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ಗಾಜಿನ ಪೆಟ್ಟಿಗೆಯ ಮೇಲೆ ಒಂದು ಸಣ್ಣ ಪೊಟ್ಟಣ ಇಟ್ಟರು. ಹೊಳಪು ಹೋದ ಬೇಗಡೆ ಕಾಗದ. "ಹಬ್ಬಕ್ಕಂತ ದೇವರ ಜಗಲಿ ಸ್ವಚ್ಛ ಮಾಡಿದೆ ಶಿವರಾಯ. ವಿಭೂತಿ ಡಬ್ಬಿ ತಳದಾಗ ಸಿಕ್ತು. ನಮ್ಮಪ್ಪ ಕಟ್ಟಿದ್ದರ ತುಂಡು ಅಂತ ನಾನೇ ಇಟ್ಟಿದ್ದೆ, ಇಟ್ಟದ್ದೇ ಮರ್ತಿದ್ದೆ."

ಶಿವರಾಯ ಬಿಚ್ಚಿ ನೋಡಿದ. ಎರಡು ತುಂಡಾದ ಅಚ್ಚು, ಕೊಟ್ಟಾಗ ಹೇಗಿತ್ತೋ ಹಾಗೆಯೇ ಇತ್ತು. ಅವನ ಕಣ್ಣು ತುಂಬಿದವು. ಒರೆಸಿಕೊಳ್ಳಲಿಲ್ಲ. "ಸಾವಕಾರ್ರಿಗಿ ತೋರ್ಸಿದ್ರೇನ್ರಿ ಅವ್ವಾರ?"

ಚಂದಮ್ಮನವರು ಆಚೆ ನೋಡಿದರು. "ತೋರ್ಸಾಕ ಹೋದೆ. ಶಿವರಾಯ ಅಂತ ನಿನ್ನ ಹೆಸರು ತೆಗದೆ ಅಷ್ಟೇ, ಆ ಹಾಳು ವಾಚು ಬಡ್ಕೊಂಡ್ತು. ಹುಡುಗ ಓಡಿ ಬಂದು ನನ್ನ ಒಳಗ ಕರಕೊಂಡು ಹೋದ. ಅವ್ನಿಗಿ ಹೇಳೀನಿ, ಅವ್ನು ನಂಬ್ಯಾನ. ಆದ್ರ ಅಪ್ಪನ ಮುಂದ ಆ ಮಾತು ಬ್ಯಾಡವ್ವ ಅಂತಾನ. ಅವರು ಸಾಯೋತನಕ ನಿನ್ನ ಕಳ್ಳ ಅಂತನೇ ತಿಳೀತಾರೇನೋ. ನಾ ಏನ್ ಮಾಡ್ಲಿ ಹೇಳು. ತಾಳಿ ನೋಡ್ಲೋ, ನಿನ್ನ ಮರ್ಯಾದಿ ನೋಡ್ಲೋ?"

"ತಾಳಿನೇ ನೋಡ್ರಿ ಅವ್ವಾರ" ಅಂದ ಶಿವರಾಯ. ಬೇರೆ ಏನನ್ನಲು ಬರುತ್ತಿತ್ತು?

ಆಗ ಆಕೆ ಚೀಲದಿಂದ ಗಡಿಯಾರವನ್ನೂ ತೆಗೆದರು. ಕಂಪನಿ ಅದನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ವಾಪಸು ಕಳಿಸಿತ್ತು, ಜೊತೆಗೆ ಒಂದು ಚೀಟಿ. ತಮ್ಮದಲ್ಲದ ಪಾರ್ಟನ್ನು ನಿಯಮದಂತೆ ತೆಗೆದು ನಾಶ ಮಾಡಿದ್ದೇವೆ ಎಂದು ಅದರಲ್ಲಿತ್ತಂತೆ. ಆ ಕಾಲದ ಪಾರ್ಟು ಈಗ ತಾವೂ ಮಾಡುವುದಿಲ್ಲ ಎಂದೂ ಇತ್ತಂತೆ. "ಇದನ್ನ ಮತ್ತ ನಡಸ್ತೀಯೇನು? ನಮ್ಮ ಮನಿಯವ್ರಿಗಿ ಬ್ಯಾಡಂದ್ರ ಬ್ಯಾಡ. ನಾ ನನ್ನ ಸಂದೂಕದಾಗ ಇಟ್ಕೊಂತೀನಿ. ಸಪ್ಪಳ ಕೇಳಿದ್ರ ಸಾಕು ನನಗ."

ಶಿವರಾಯ ಅಭ್ಯಾಸಬಲದಿಂದ ಅದನ್ನು ಕಿವಿಗೆ ಹಿಡಿದ. ಒಳಗೆ ಸಪ್ಪಳವೇ ಇರಲಿಲ್ಲ. ಬಲಗೈಯನ್ನು ಗಾಜಿನ ಮೇಲೆ ಚಾಚಿ ತೋರಿಸಿದ. ಬೆರಳುಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು. "ಒಂದ್ಸಲ ಮಾಡಿದ್ದು ಇದೇ ಕೈಯ್ರಿ. ಇನ್ನೊಂದ್ಸಲ ಈ ಕೈಲಿ ಆಗಂಗಿಲ್ರಿ."

ಆದರೂ ಕಣ್ಣಿಗೆ ಭೂತಗನ್ನಡಿ ಏರಿಸಿ ಮುಚ್ಚಳ ತೆಗೆದ. ಗುರುತುಗಳನ್ನಾದರೂ ಆಕೆಗೆ ತೋರಿಸೋಣ, ಇದು ಉಸ್ತಾದರದು, ಇದು ತೊಂಬತ್ತೆಂಟರದು ಎಂದು ಹೇಳೋಣ ಅನ್ನಿಸಿತ್ತು. ಮುಚ್ಚಳ ತಿರುಗಿಸಿದರೆ ಅದರ ಒಳಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಂಪನಿಯವರು ಉಜ್ಜಿ ಪಾಲಿಶ್ ಮಾಡಿ ಕಳಿಸಿದ್ದರು. ಒಂದು ಚಂದ್ರ ಇಲ್ಲ, ಒಂದು 'ಶಿ' ಇಲ್ಲ. ಓರೆ ಮಾಡಿ ಹಿಡಿದ, ಬಿಸಿಲಿಗೆ ಹಿಡಿದ. ಭೂತಗನ್ನಡಿ ಹಾಕಿದ ತನ್ನದೇ ಕಣ್ಣು ಕಂಡಿತು. ಉಸ್ತಾದರು ತೀರಿಕೊಂಡ ದಿನವೂ ಅವನಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ.

"ಏನಾತು?" ಎಂದು ಕೇಳಿದರು ಚಂದಮ್ಮನವರು.

ಅವನು ಹೇಳಿದ. ಆಕೆ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿದ್ದ ಉಕ್ಕಿನ ಮೊನೆಯನ್ನು ತಾವೇ ತೆಗೆದು ಅವನ ಮುಂದಿಟ್ಟರು. "ಮತ್ತ ಬರಿ. ನನ್ನ ಕಣ್ಮುಂದ ಬರಿ. ನಿನ್ನ ಹೆಸರು ಇದ್ರಾಗ ಇರ್ಲಿ."

ಶಿವರಾಯ ಮೊನೆ ಎತ್ತಿಕೊಂಡ. ಮುಚ್ಚಳದ ಮೇಲೆ ತಂದು ನಿಲ್ಲಿಸಿದ. ಬಹಳ ಹೊತ್ತು ಹಾಗೇ ಹಿಡಿದಿದ್ದು, ಮತ್ತೆ ಅದರ ಜಾಗದಲ್ಲಿಟ್ಟ.

"ಗಡ್ಯಾರ ನಿಂತದ್ರಿ ಅವ್ವಾರ" ಅಂದ. "ನಿಂತದ್ದಕ್ಕ ಬರಿಬಾರ್ದ್ರಿ."

ಮುಚ್ಚಳ ಒತ್ತಿ ಕೂರಿಸಿ, ಒರೆಸಿ, ಆಕೆಯ ಕೈಗೆ ಕೊಟ್ಟ.